ಗಡ್ಡೆ ಕರಗಿತಾ ಡಾಕ್ಟ್ರೇ?

ಶಿಫ್ಟ್ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿರುವ ಪೀಣ್ಯದ ಕಾರ್ಖಾನೆಗಳ ಗೆಳೆಯರೇ,

ಈ ಉಪನ್ಯಾಸದ ದತ್ತಿಯನ್ನು ಇಟ್ಟ ಮನೆಯವರು ಎರಡು ಷರತ್ತು ಹಾಕಿದ್ದಾರೆ. ತಮ್ಮ ಹೆಸರನ್ನು ವೇದಿಕೆಯಲ್ಲಿ ಹೇಳಕೂಡದು. ಉಪನ್ಯಾಸ ಕ್ಯಾನ್ಸರ್ ಬಗ್ಗೆ ಇರಬೇಕು, ಆದರೆ ‘ಗುಟ್ಕಾ ಬಿಡಿ’ ಎಂಬ ಭಾಷಣ ಆಗಕೂಡದು. ಮೊದಲನೆಯದು ಸುಲಭ. ಎರಡನೆಯದಕ್ಕೆ ಒಂದೆರಡು ನಿಮಿಷ ತಪ್ಪುತ್ತೇನೆ, ಈಗಲೇ ಕ್ಷಮೆ ಕೇಳಿಬಿಡುತ್ತೇನೆ.

ನಾನು ಸ್ಕ್ಯಾನ್ ಓದುವ ಡಾಕ್ಟರು. ಮದ್ದು ಕೊಡುವವನಲ್ಲ, ಕೊಯ್ಯುವವನೂ ಅಲ್ಲ. ಕತ್ತಲೆ ಕೋಣೆಯಲ್ಲಿ ಕೂತು, ಪರದೆಯ ಮೇಲೆ ಗಡ್ಡೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಗೆರೆ ಎಳೆದು, ಇಷ್ಟು ಮಿಲಿಮೀಟರು ಎಂದು ಬರೆಯುವುದು ನನ್ನ ಕೆಲಸ. ಎರಡು ಮೂರು ತಿಂಗಳ ನಂತರ ಅದೇ ಗಡ್ಡೆಗೆ ಇನ್ನೊಂದು ಗೆರೆ. ಈ ಎರಡು ಗೆರೆಗಳ ನಡುವಿನ ವ್ಯತ್ಯಾಸದ ಮೇಲೆ ಒಂದು ಮನೆಯ ಮುಂದಿನ ಆರು ತಿಂಗಳು ನಿಂತಿರುತ್ತದೆ. ಇದೇ ಮದ್ದು ಮುಂದುವರಿಯಬೇಕೋ, ಬದಲಾಗಬೇಕೋ, ನಿಲ್ಲಬೇಕೋ. ಇವತ್ತಿನ ಮಾತು ಆ ಗೆರೆಯ ಬಗ್ಗೆ.

ಆ ಗೆರೆಯನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ನಿಮ್ಮವರೇ ಆದ ಒಬ್ಬ ಟರ್ನರ್‌ನಿಂದ. ಲೇತ್ ಮೇಲೆ ಮೂವತ್ತು ವರ್ಷ ನಿಂತವರು. ಕುತ್ತಿಗೆಯ ಎಡಬದಿಯಲ್ಲಿ ದುಗ್ಧಗ್ರಂಥಿಯ ಗಂಟು ಎದ್ದಿತ್ತು. ಲಿಂಫೋಮಾ ಎಂದು ಬಯಾಪ್ಸಿ ಹೇಳಿತು, ಕಿಮೊ ಶುರುವಾಯಿತು. ಎರಡು ಡೋಸ್ ಆದ ಮೇಲೆ ಸ್ಕ್ಯಾನ್‌ಗೆ ಬಂದವರು ಅಂಗಿ ಜೇಬಿನಿಂದ ನೂರು ಪುಟದ ಸಣ್ಣ ನೋಟ್‌ಬುಕ್ ತೆಗೆದರು. ತಾರೀಖು, ಹೊತ್ತು, ಅಳತೆ. 42.36. 42.10. 41.84. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಕನ್ನಡಿ ಮುಂದೆ ನಿಂತು ವರ್ನಿಯರ್ ಹಿಡಿದು ತಮ್ಮ ಗಂಟನ್ನು ತಾವೇ ಅಳೆದಿದ್ದರು.

ನಾನು ನಕ್ಕೆ. ನಗಬಾರದಿತ್ತು. ‘ಚರ್ಮದ ಮೇಲಿಂದ ಅಳೆದರೆ ಒತ್ತಿದಷ್ಟು ಒತ್ತುತ್ತೆ ಅಲ್ವಾ?’ ಅಂದೆ.

‘ಗೊತ್ತು ಸಾರ್. ಮೈಕ್ರೋಮೀಟರ್‌ಗಾದ್ರೆ ರ‍್ಯಾಚೆಟ್ ಇರತ್ತೆ, ಕಟ್ ಕಟ್ ಅಂದ್ಮೇಲೆ ಮುಂದಕ್ಕೆ ಒತ್ತಲ್ಲ. ವರ್ನಿಯರ್‌ಗೆ ಇಲ್ಲ. ಕೈಗೆ ಗೊತ್ತಿರಬೇಕು. ಅದಕ್ಕೇ ದಿನಾ ನಾನೇ ಅಳೀತೀನಿ, ಮಗನ ಕೈಗೆ ಕೊಡಲ್ಲ.’ ಆಮೇಲೆ ನನ್ನ ರಿಪೋರ್ಟು ಮುಂದಿಟ್ಟು ಕೇಳಿದರು: ‘ನೀವು 4.1 ಸೆಂಟಿಮೀಟರ್ ಅಂತ ಬರೆದಿದ್ದೀರಿ. ಇಷ್ಟು ದೊಡ್ಡ ಮಿಷನ್ನು, ಒಂದೇ ಪಾಯಿಂಟಾ?’

ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಇವತ್ತು ಕೊಡಲು ಪ್ರಯತ್ನಿಸುತ್ತೇನೆ.

ಅಳತೆ ಎಂದರೆ ಏನೆಂದು ಈ ಊರಿಗೆ ಹೇಳಿಕೊಡಬೇಕಾಗಿಲ್ಲ. ತುಮಕೂರು ರಸ್ತೆಯಲ್ಲಿ 1962ರಿಂದ ಉತ್ಪಾದನಾ ತಂತ್ರಜ್ಞಾನದ ಸಂಸ್ಥೆ ಸಿಎಂಟಿಐ ಇದೆ. ಗೇಜ್ ತಾಳೆ ನೋಡುವ ಕೋಣೆಯನ್ನು 20 ಡಿಗ್ರಿಯಲ್ಲಿ ಇಡುತ್ತಾರೆ, ಏಕೆಂದರೆ ಉಕ್ಕು ಸೆಕೆಗೆ ಹಿಗ್ಗುತ್ತದೆ. ನಮ್ಮ ಜಾಬ್, ಅಂದರೆ ನಾವು ಅಳೆಯುವ ವಸ್ತು, ಉಕ್ಕಲ್ಲ. ಅದು ಉಸಿರಾಡುತ್ತದೆ, ಕೆಮ್ಮುತ್ತದೆ, ಹೆದರಿದರೆ ಉಸಿರು ಹಿಡಿಯುತ್ತದೆ. ಗಡ್ಡೆಯ ಅಂಚು ಎಲ್ಲಿ ಮುಗಿಯಿತು, ಪಕ್ಕದ ಮಾಂಸ ಎಲ್ಲಿ ಶುರುವಾಯಿತು ಎನ್ನುವುದಕ್ಕೆ ಗೆರೆ ಯಾರೂ ಹಾಕಿಟ್ಟಿರುವುದಿಲ್ಲ. ಸ್ಕ್ಯಾನರ್ ದೇಹವನ್ನು ಬ್ರೆಡ್ಡಿನಂತೆ ಹೋಳು ಮಾಡಿ ತೋರಿಸುತ್ತದೆ. ಹೋಳು 5 ಮಿಲಿಮೀಟರ್ ದಪ್ಪ ಇದ್ದರೆ, 8 ಮಿಲಿಮೀಟರಿನ ಗಡ್ಡೆಗೆ ಎರಡೇ ಹೋಳು ಸಿಗುತ್ತದೆ. ಎರಡನೇ ಪಾಯಿಂಟ್ ಬರೆದರೆ ಅದು ಸುಳ್ಳು ನಿಖರತೆ ಆಗುತ್ತದೆ.

ವೈದ್ಯರಿಗೆ ಈ ಅನುಮಾನ ಹೊಸದಲ್ಲ. 1976ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಚಾರ್ಲ್ಸ್ ಮೋರ್ಟೆಲ್ ಮತ್ತು ಹ್ಯಾನ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ನನಗೆ ತುಂಬಾ ಇಷ್ಟವಾದ ಪರೀಕ್ಷೆ, ಏಕೆಂದರೆ ಅದರಲ್ಲಿ ರೋಗಿಯೇ ಇಲ್ಲ. ಮೆತ್ತನೆಯ ಹಾಸಿಗೆಯ ಮೇಲೆ 12 ಗಟ್ಟಿ ಗುಂಡುಗಳನ್ನು ಇಟ್ಟು, ಮೇಲೆ ಫೋಮ್ ರಬ್ಬರ್ ಹೊದಿಸಿ, ನುರಿತ 16 ಕ್ಯಾನ್ಸರ್ ವೈದ್ಯರನ್ನು ಕರೆದು ‘ಅಳೆಯಿರಿ’ ಅಂದರು. ಗುಂಡುಗಳು ಕರಗಿರಲಿಲ್ಲ, ಬೆಳೆದಿರಲಿಲ್ಲ. ಆದರೂ ಶೇ 25 ಇಳಿಕೆಯನ್ನು ‘ಮದ್ದು ಹಿಡಿಯಿತು’ ಎಂದು ಲೆಕ್ಕ ಹಿಡಿದರೆ ನಾಲ್ಕೈದು ಹೋಲಿಕೆಗಳಲ್ಲಿ ಒಂದು ಸುಳ್ಳೇ ಬರುತ್ತಿತ್ತು. ಗುರುತನ್ನು ಶೇ 50ಕ್ಕೆ ಏರಿಸಿದಾಗ ಸುಳ್ಳು ಹತ್ತಕ್ಕೊಂದಕ್ಕಿಂತ ಕಡಿಮೆಯಾಯಿತು. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಕೈಪಿಡಿಯಲ್ಲೂ ಶೇ 50ರ ಗುರುತೇ ಇತ್ತು. ಗಡ್ಡೆಯ ಉದ್ದ, ಅದಕ್ಕೆ ಅಡ್ಡಲಾಗಿ ಅಗಲ, ಎರಡನ್ನೂ ಗುಣಿಸು, ಗುಣಲಬ್ಧ ಅರ್ಧಕ್ಕಿಳಿದರೆ ಮದ್ದು ಹಿಡಿದಿದೆ.

2000ದಲ್ಲಿ ಅಗಲವನ್ನು ಕೈಬಿಟ್ಟರು. ‘ರೆಸಿಸ್ಟ್’ ಎಂಬ ಹೊಸ ನಿಯಮ ಬಂತು, 2009ರಲ್ಲಿ ಪರಿಷ್ಕರಣೆಯಾಯಿತು. ಇವತ್ತು ಜಗತ್ತೆಲ್ಲಾ ನಡೆಯುತ್ತಿರುವುದು ಅದೇ. ಅತಿ ಉದ್ದದ ಗೆರೆ ಒಂದೇ ಸಾಕು. ಒಟ್ಟು 5 ಗಡ್ಡೆ, ಒಂದು ಅಂಗದಲ್ಲಿ ಎರಡಕ್ಕಿಂತ ಹೆಚ್ಚಿಲ್ಲ, ಉದ್ದಗಳನ್ನು ಕೂಡು. ಮೊತ್ತ ಶೇ 30 ಇಳಿದರೆ ಭಾಗಶಃ ಫಲ. ಅದುವರೆಗಿನ ಅತಿ ಕಡಿಮೆ ಮೊತ್ತಕ್ಕಿಂತ ಶೇ 20 ಏರಿದರೆ, ಜೊತೆಗೆ ಕನಿಷ್ಠ 5 ಮಿಲಿಮೀಟರ್ ಹೆಚ್ಚಾಗಿದ್ದರೆ, ರೋಗ ಬೆಳೆದಿದೆ. ಎಲ್ಲಾದರೂ ಹೊಸ ಗಡ್ಡೆ ಕಂಡರೂ ಬೆಳೆದಿದೆ. ನಡುವಿನದ್ದೆಲ್ಲ ‘ಸ್ಥಿರ’.

ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಗೋ–ನೋಗೋ ಗೇಜ್. ತೂತಿಗೆ ಪ್ಲಗ್ ಹಾಕುತ್ತೀರಿ. ಗೋ ಕಡೆ ಒಳಗೆ ಹೋಯಿತು, ನೋಗೋ ಕಡೆ ಹೋಗಲಿಲ್ಲ, ಜಾಬ್ ಪಾಸ್. ತೂತಿನ ವ್ಯಾಸ ಎಷ್ಟೆಂದು ಗೇಜ್ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಸಾವಿರ ಜಾಬ್ ಬೇಗ ವಿಂಗಡಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ರೆಸಿಸ್ಟ್ ಹುಟ್ಟಿದ್ದೂ ಹಾಗೆಯೇ. ಹೊಸ ಮದ್ದನ್ನು ನೂರಾರು ರೋಗಿಗಳ ಮೇಲೆ ಪರೀಕ್ಷಿಸುವಾಗ ಮದ್ದು ಪಾಸೋ ಫೇಲೋ ಎಂದು ತೀರ್ಮಾನಿಸಲಿಕ್ಕೆ. ಅಲ್ಲಿ ಪರೀಕ್ಷೆಗೆ ಕೂತಿದ್ದದ್ದು ಮದ್ದು. ಆಮೇಲೆ ನಾವು ಅದೇ ಗೇಜನ್ನು ಒಬ್ಬೊಬ್ಬ ರೋಗಿಯ ಮೇಲೆ ಬಳಸತೊಡಗಿದೆವು, ಮತ್ತು ‘ನೋಗೋ’ ಎಂಬ ಮಾತು ಮನುಷ್ಯನ ಕಿವಿಗೆ ಬೀಳತೊಡಗಿತು.

ಶೇ 30 ಎಂದರೆ ಎಷ್ಟು ಎಂಬುದನ್ನು ಮುದ್ದೆಯಿಂದ ತೋರಿಸುತ್ತೇನೆ. ಅಡ್ಡಳತೆ 10 ಸೆಂಟಿಮೀಟರಿನ ರಾಗಿ ಮುದ್ದೆ ಒಂದು, 7 ಸೆಂಟಿಮೀಟರಿನದು ಇನ್ನೊಂದು. ತಟ್ಟೆಯಲ್ಲಿ ನೋಡಿದರೆ ‘ಸ್ವಲ್ಪ ಸಣ್ಣದು’ ಅನಿಸುತ್ತದೆ. ಆದರೆ ದೊಡ್ಡದೊಂದಕ್ಕೆ ಸಮ ಮಾಡಲು ಸಣ್ಣವು ಮೂರು ಬೇಕು. ಅಂದರೆ ಅಡ್ಡಳತೆ ಹತ್ತರಲ್ಲಿ ಮೂರು ಭಾಗ ಇಳಿದಾಗ ಹಿಟ್ಟು ಮೂರರಲ್ಲಿ ಎರಡು ಪಾಲು ಹೋಗಿರುತ್ತದೆ. ಹಾಗೆಯೇ 10 ಹೋಗಿ 12 ಆದರೆ ಹಿಟ್ಟು ಒಂದೂಮುಕ್ಕಾಲು ಪಟ್ಟು. ‘ಶೇ 30 ಮಾತ್ರ ಕಮ್ಮಿ ಆಗಿದೆಯಂತೆ’ ಎಂದು ಮುಖ ಸಣ್ಣ ಮಾಡಿಕೊಂಡು ಹೊರಡುವವರಿಗೆ ನಾನು ಈ ಲೆಕ್ಕ ಹೇಳಿಯೇ ಕಳಿಸುತ್ತೇನೆ.

ಆದರೆ ಗಡ್ಡೆ ಮುದ್ದೆಯಾಗಿದ್ದರೆ ತಾನೆ ಈ ಲೆಕ್ಕ? ಕೆಲವು ಹಸಿಶುಂಠಿಯ ಹಾಗೆ ಕವಲೊಡೆದಿರುತ್ತವೆ. ಗರ್ಭಕೊರಳಿನ ಕೆಲವು ಗಡ್ಡೆಗಳನ್ನು ನಾವು ಹೂಕೋಸು ಎಂದೇ ಕರೆಯುತ್ತೇವೆ. ಎದೆಗೂಡಿನ ಒಳಪೊರೆಯಲ್ಲಿ ಹಬ್ಬುವ ಒಂದು ಬಗೆ ಕಿತ್ತಳೆ ಸಿಪ್ಪೆಯಂತೆ ಶ್ವಾಸಕೋಶವನ್ನು ಸುತ್ತಿಕೊಳ್ಳುತ್ತದೆ. ಅದಕ್ಕೆ ಉದ್ದ ಅಳೆದು ಪ್ರಯೋಜನವಿಲ್ಲ, ಸಿಪ್ಪೆಯ ದಪ್ಪವನ್ನೇ ಬೇರೆ ಬೇರೆ ಮಟ್ಟದಲ್ಲಿ ಅಳೆಯಬೇಕು. ಇನ್ನು 6 ಸೆಂಟಿಮೀಟರಿನ ಒಂದು ಗುಂಡು ಗಡ್ಡೆ ಮದ್ದಿಗೆ ಕುಗ್ಗಿ ಸವತೆಕಾಯಿಯಾಯಿತು ಎಂದುಕೊಳ್ಳಿ. ಉದ್ದ 6, ಅಗಲ 2, ದಪ್ಪ 2. ಒಂಬತ್ತರಲ್ಲಿ ಎಂಟು ಪಾಲು ಗಡ್ಡೆ ಹೋಗಿದೆ. ನನ್ನ ಗೆರೆ ಮಾತ್ರ 6 ಇದ್ದದ್ದು 6ರಲ್ಲೇ ಇದೆ. ರಿಪೋರ್ಟ್: ‘ಸ್ಥಿರ’.

ನಮ್ಮ ಜನ ಕೇಳುವ ಪ್ರಶ್ನೆ ಒಂದೇ: ‘ಗಡ್ಡೆ ಕರಗಿತಾ ಡಾಕ್ಟ್ರೇ?’ ಬಹಳ ಕಾಲ ಅದನ್ನು ನಾನು ಮುಗ್ಧ ಪ್ರಶ್ನೆ ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ರಿಪೋರ್ಟಿನ ಈ ಮನೆಗಳಿಗಿಂತ ಕನ್ನಡದ ಕ್ರಿಯಾಪದಗಳೇ ವಾಸಿ. ಬೆಣ್ಣೆ ಕರಗುತ್ತದೆ. ಊತ ಇಳಿಯುತ್ತದೆ. ಕಾಯಿ ಸೊರಗುತ್ತದೆ. ಗಾಯ ಮಾಯುತ್ತದೆ. ಕೆರೆ ಬತ್ತುತ್ತದೆ. ಒಂದೊಂದೂ ಬೇರೆ ಬೇರೆ ಆಕಾರದಲ್ಲಿ ಕಡಿಮೆಯಾಗುವುದು, ಮತ್ತು ಇವೆಲ್ಲವನ್ನೂ ನಾನು ಸ್ಕ್ಯಾನ್‌ನಲ್ಲಿ ನೋಡಿದ್ದೇನೆ.

ಬತ್ತುವುದನ್ನೇ ತೆಗೆದುಕೊಳ್ಳಿ. ಸ್ತನದ ಗಡ್ಡೆಗೆ ಆಪರೇಶನ್‌ಗೆ ಮೊದಲೇ ಕಿಮೊ ಕೊಡುವುದುಂಟು. ಕೆಲವರಲ್ಲಿ ಅದು ಸೋಪಿನಂತೆ ಸುತ್ತಲಿಂದ ಸವೆದು ಸಣ್ಣ ಗುಂಡಾಗುತ್ತದೆ. ಇನ್ನು ಕೆಲವರಲ್ಲಿ ಬೇಸಿಗೆಯ ಕೆರೆಯ ಹಾಗೆ. ನೀರೆಲ್ಲ ಹೋಗಿ ಅಲ್ಲೊಂದು ಗುಂಡಿ, ಇಲ್ಲೊಂದು ಗುಂಡಿ ಉಳಿಯುತ್ತದೆ. ಈ ಕೊನೆಯ ಗುಂಡಿಯಿಂದ ಆ ಕೊನೆಯ ಗುಂಡಿಗೆ ಅಳೆದರೆ ಕೆರೆಯ ಹಳೇ ಉದ್ದವೇ ಬರುತ್ತದೆ. ಮದ್ದು ಕೊಟ್ಟ ವೈದ್ಯರಿಗೆ ನೀರು ಎಷ್ಟು ಇಂಗಿತು ಎಂಬುದು ಮುಖ್ಯ. ಕೊಯ್ಯುವ ಸರ್ಜನ್‌ಗೆ ಗುಂಡಿಗಳು ಎಲ್ಲಿಂದ ಎಲ್ಲಿಯವರೆಗೆ ಇವೆ ಎಂಬುದು ಮುಖ್ಯ, ಏಕೆಂದರೆ ಒಂದನ್ನು ಬಿಟ್ಟು ಬಂದರೂ ಅದು ಮತ್ತೆ ತುಂಬುತ್ತದೆ. ಒಂದೇ ಆಕಾರಕ್ಕೆ ಎರಡು ಅಳತೆ, ಎರಡೂ ಸರಿ. ಪೂರ್ತಿ ಬತ್ತಿಹೋದರೆ ಇನ್ನೊಂದು ಫಜೀತಿ: ಕೊಯ್ಯುವುದೆಲ್ಲಿ? ಅದಕ್ಕೇ ಕಿಮೊ ಶುರುವಾಗುವ ಮೊದಲೇ ಗಡ್ಡೆಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಲೋಹದ ಕ್ಲಿಪ್ ಇಟ್ಟಿರುತ್ತಾರೆ.

ಅಳತೆ ಪೂರ್ತಿ ತಲೆಕೆಳಗಾಗುವುದೂ ಉಂಟು. ಜಠರ ಕರುಳಿನ ಒಂದು ಬಗೆಯ ಗಡ್ಡೆಗೆ ಇಮ್ಯಾಟಿನಿಬ್ ಎಂಬ ಮಾತ್ರೆ ಬಂದಾಗ ರೋಗಿಗಳು ಎದ್ದು ಓಡಾಡತೊಡಗಿದರು, ಗಡ್ಡೆ ಮಾತ್ರ ಇದ್ದಷ್ಟೇ ಇತ್ತು, ಕೆಲವರಲ್ಲಿ ಕೊಂಚ ದೊಡ್ಡದೂ ಆಗಿತ್ತು. ಒಳಗೆ ಕೊಳೆತ ಕುಂಬಳಕಾಯಿ ನೋಡಿದ್ದೀರಲ್ಲ, ಹೊರಗೆ ಸಿಪ್ಪೆ ಗಟ್ಟಿಯಾಗಿಯೇ ಇರುತ್ತದೆ. ಹಾಗೆ. ಸಿಟಿ ಸ್ಕ್ಯಾನ್‌ನಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000 ಎಂಬ ಅಳತೆಗೋಲಿದೆ, ಯಂತ್ರ ಕಂಡುಹಿಡಿದ ಹೌನ್ಸ್‌ಫೀಲ್ಡ್ ಹೆಸರಿನದು. ಸಾಯುತ್ತಿರುವ ಗಡ್ಡೆ ಆ ಕೋಲಿನಲ್ಲಿ ನೀರಿನ ಕಡೆಗೆ ಜಾರುತ್ತದೆ. 2007ರಲ್ಲಿ ಹ್ಯೂಸ್ಟನ್‌ನ ಚೋಯ್ ಮತ್ತು ಸಂಗಡಿಗರು ಹೊಸ ನಿಯಮ ಕೊಟ್ಟರು: ಉದ್ದ ಶೇ 10 ಇಳಿದರೂ ಸರಿ, ಅಥವಾ ಸಾಂದ್ರತೆ ಶೇ 15 ಇಳಿದರೂ ಸರಿ, ಮದ್ದು ಹಿಡಿದಿದೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಹೊಸ ಮದ್ದುಗಳಲ್ಲಂತೂ ಗಡ್ಡೆ ಮೊದಲು ಊದಿಕೊಂಡು ಆಮೇಲೆ ಇಳಿದದ್ದುಂಟು. ಊದಿದ್ದು ಗಡ್ಡೆಯಲ್ಲ, ಅದರ ಮೇಲೆ ಬಿದ್ದ ದೇಹದ ಸೈನ್ಯ. ಇಂಥ ಮದ್ದುಗಳಿಗೆಂದೇ ಬಂದ 2017ರ ನಿಯಮದ ಪ್ರಕಾರ ಹೀಗೆ ಬೆಳೆದಂತೆ ಕಂಡರೆ 4ರಿಂದ 8 ವಾರ ಬಿಟ್ಟು ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳಬೇಕು. ಹೀಗೆ ಊದಿ ಇಳಿಯುವುದು ಅಪರೂಪ ಎಂಬುದನ್ನೂ ಹೇಳಿಬಿಡುತ್ತೇನೆ. ಬೆಳೆದದ್ದು ಬಹುತೇಕ ಬೆಳೆದದ್ದೇ.

ಈಗ ಬಾಯಿ ಕ್ಯಾನ್ಸರ್‌ಗೆ ಬರುತ್ತೇನೆ. ಷರತ್ತು ಮುರಿಯುವುದು ಇಲ್ಲೇ. ಇಂಥ ರೋಗಿಗಳು ಹೋಗುವ ಹೊಸೂರು ರಸ್ತೆಯಲ್ಲಿ 1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬಂತು, ಅದೇ ರಸ್ತೆಯಲ್ಲಿ ಮುಂದೆ ಹೋದರೆ ಬೊಮ್ಮಸಂದ್ರದಲ್ಲಿ 2009ರಿಂದ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ. ನಡುವೆ ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ ಕಂಪನಿ, ಕ್ಯೂಬಾದವರ ಜೊತೆಗೂಡಿ ತಲೆ–ಕುತ್ತಿಗೆ ಕ್ಯಾನ್ಸರ್‌ಗೆ 2006ರಲ್ಲಿ ಒಂದು ಪ್ರತಿಕಾಯ ಮದ್ದು ಬಿಟ್ಟಿತು. ಅಂಥ ಮದ್ದು ಹಿಡಿಯಿತೇ ಎಂದು ನೋಡಬೇಕಾದರೆ ಕೆನ್ನೆಯ ಒಳಗಿನ ಹುಣ್ಣನ್ನು ಅಳೆಯಬೇಕು. ಕೆನ್ನೆ ಮತ್ತು ವಸಡು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹುಣ್ಣು ಯಾವುದರದ್ದೆಂದು ಸ್ಕ್ಯಾನ್‌ನಲ್ಲಿ ತಿಳಿಯುವುದಿಲ್ಲ. ಹಲ್ಲಿಗೆ ಸಿಮೆಂಟು ಬೆಳ್ಳಿ ತುಂಬಿಸಿದ್ದರೆ ಚಿತ್ರದ ತುಂಬಾ ಬಿಳಿ ಗೀರು. ಇದಕ್ಕೊಂದು ಉಪಾಯವಿದೆ. ಟೆಕ್ನಿಷಿಯನ್ ಮೈಕಿನಲ್ಲಿ ಹೇಳುತ್ತಾರೆ: ‘ಅಣ್ಣಾ, ಬಾಯಿ ಮುಚ್ಚಿ ಕೆನ್ನೆ ಊದಿ. ಬಲೂನ್ ಊದೋ ಥರ. ಹಾಗೇ ಹಿಡ್ಕೊಳ್ಳಿ.’ ಕೆನ್ನೆ ವಸಡಿನಿಂದ ಬಿಟ್ಟುಕೊಂಡು ನಡುವೆ ಗಾಳಿ ತುಂಬುತ್ತದೆ, ಹುಣ್ಣಿನ ಆಕಾರ ಕಪ್ಪು ಹಿನ್ನೆಲೆಯ ಮೇಲೆ ಎದ್ದು ನಿಲ್ಲುತ್ತದೆ. ಅಷ್ಟು ದುಬಾರಿ ಯಂತ್ರದ ನಿಖರತೆ ಒಬ್ಬ ಆಟೋ ಡ್ರೈವರ್ ಕೆನ್ನೆ ಊದಿ ಹಿಡಿದ ಆ ಕೆಲವು ಸೆಕೆಂಡುಗಳ ಮೇಲೆ ನಿಂತಿರುತ್ತದೆ. ಕೆಲವರಿಗೆ ಅದೂ ಆಗುವುದಿಲ್ಲ. ಅಡಿಕೆ, ಗುಟ್ಕಾ ಅಗಿದು ಅಗಿದು ಬಾಯಿಯ ಒಳಪದರ ಬಿಗಿದುಕೊಂಡು ಒಂದು ಬೆರಳು ಹೋಗುವಷ್ಟೂ ಬಾಯಿ ತೆರೆಯುವುದಿಲ್ಲ. ಇಷ್ಟೇ. ಭಾಷಣ ಮುಗಿಯಿತು.

ಬಾಯಿ ಕ್ಯಾನ್ಸರಿನವರಿಗೆ ರೇಡಿಯೇಶನ್ ಶುರುವಾದರೆ ಆಕಾರದ ಪ್ರಶ್ನೆ ದಿನದಿನದ್ದು. ನಮ್ಮ ಜನ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ಕಿರಣ ಅಳೆಯುವ ಮಾನ) ಆರೇಳು ವಾರ. ಮೊದಲ ದಿನ ಒಂದು ಪ್ಲಾಸ್ಟಿಕ್ ಜಾಲರಿಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಕೂರಿಸುತ್ತಾರೆ, ಅದು ತಣಿದು ಮುಖದ ಅಚ್ಚಾಗುತ್ತದೆ. ದಿನಾ ಅದನ್ನೇ ಹಾಕಿ ಮೇಜಿಗೆ ಬಿಗಿಯುತ್ತಾರೆ. ನಿಮ್ಮ ಫಿಕ್ಸ್ಚರ್ ಇದ್ದ ಹಾಗೆ. ಮೂರನೇ ವಾರದ ಹೊತ್ತಿಗೆ ನುಂಗಲಾಗದೆ ರೋಗಿ ಸೊರಗುತ್ತಾರೆ, ಕುತ್ತಿಗೆಯ ಗಂಟೂ ಕುಗ್ಗುತ್ತದೆ, ಮಾಸ್ಕ್ ಸಡಿಲವಾಗುತ್ತದೆ. ಫಿಕ್ಸ್ಚರ್ ಒಳಗೆ ಜಾಬ್ ಅಲುಗಾಡಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಗಡ್ಡೆಗೆಂದು ಇಟ್ಟ ಕಿರಣ ಬೆನ್ನುಹುರಿಗೋ ಜೊಲ್ಲುಗ್ರಂಥಿಗೋ ಹೆಚ್ಚು ಬೀಳಬಹುದು. ಆಗ ಮತ್ತೆ ಸ್ಕ್ಯಾನ್, ಹೊಸ ಮಾಸ್ಕ್, ಹೊಸ ಪ್ಲಾನ್. ಮದ್ದು ಚೆನ್ನಾಗಿ ಹಿಡಿಯುತ್ತಿರುವುದೇ ಮದ್ದಿನ ಲೆಕ್ಕವನ್ನು ಕೆಡಿಸುವ ಪ್ರಸಂಗ ಇದು.

ನನ್ನ ಸ್ವಂತದ ಒಂದು ತಪ್ಪನ್ನು ಹೇಳದೆ ಹೋದರೆ ಈ ಉಪನ್ಯಾಸ ಅಪ್ರಾಮಾಣಿಕವಾಗುತ್ತದೆ. ಕೆಲಸಕ್ಕೆ ಸೇರಿದ ಹೊಸತು. ಶ್ವಾಸಕೋಶದ ಗಡ್ಡೆ, ಹಿಂದಿನ ಅಳತೆ 31 ಮಿಲಿಮೀಟರ್. ನಾನು ಎಳೆದ ಗೆರೆ 38. ಶೇ 23 ಏರಿಕೆ, 5 ಮಿಲಿಮೀಟರಿಗಿಂತ ಹೆಚ್ಚು, ‘ರೋಗ ಬೆಳೆದಿದೆ’ ಎಂದು ಬರೆದೆ. ಮರುದಿನ ಬೆಳಿಗ್ಗೆ ಹಿರಿಯರೊಬ್ಬರು ಎರಡೂ ಸ್ಕ್ಯಾನ್ ಅಕ್ಕಪಕ್ಕ ತೆರೆಸಿದರು. ಗಡ್ಡೆಯ ಬಗಲಲ್ಲಿ ಕುಸಿದು ಮುದುಡಿದ್ದ ಶ್ವಾಸಕೋಶದ ತುಣುಕೊಂದನ್ನು ನಾನು ಗಡ್ಡೆಗೇ ಸೇರಿಸಿ ಅಳೆದಿದ್ದೆ. ಸರಿಯಾದ ಅಳತೆ 32. ಅಷ್ಟರಲ್ಲಿ ಸುದ್ದಿ ರೋಗಿಯ ಮಗನಿಗೆ ಮುಟ್ಟಿತ್ತು. ತಿದ್ದಿದ ರಿಪೋರ್ಟ್ ಕೈಗೆ ಕೊಟ್ಟಾಗ ಆತ ಜಗಳ ಆಡಲಿಲ್ಲ. ‘ರಾತ್ರಿಯೆಲ್ಲಾ ಅಪ್ಪನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ ಸಾರ್’ ಅಂದ, ಅಷ್ಟೇ.

ತಪ್ಪೇ ಮಾಡದಿದ್ದರೂ ಗೆರೆ ಅಲುಗಾಡುತ್ತದೆ. ನ್ಯೂಯಾರ್ಕ್‌ನಲ್ಲಿ 32 ಶ್ವಾಸಕೋಶ ಕ್ಯಾನ್ಸರ್ ರೋಗಿಗಳನ್ನು ಒಮ್ಮೆ ಸ್ಕ್ಯಾನ್ ಮಾಡಿ, ಮೇಜಿನಿಂದ ಇಳಿಸಿ, ಹದಿನೈದು ನಿಮಿಷದೊಳಗೆ ಮತ್ತೆ ಮಲಗಿಸಿ ಸ್ಕ್ಯಾನ್ ಮಾಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ: ಉದ್ದದ ಅಳತೆ ಶೇ 7ರಷ್ಟು ಆಚೀಚೆ. ಹದಿನೈದು ನಿಮಿಷದಲ್ಲಿ ಯಾವ ಗಡ್ಡೆಯೂ ಕರಗುವುದಿಲ್ಲ. ಅಲ್ಲಿ ಯಂತ್ರವೂ ಒಂದೇ. ನಮ್ಮಲ್ಲಿ ಮೊದಲ ಸ್ಕ್ಯಾನ್ ಕಲಬುರಗಿಯಲ್ಲಿ, ಎರಡನೆಯದು ಹೊಸೂರು ರಸ್ತೆಯಲ್ಲಿ, ಮೂರನೆಯದು ಎಲ್ಲಿ ರಿಯಾಯಿತಿ ಸಿಕ್ಕಿತೋ ಅಲ್ಲಿ. ಒಂದರಲ್ಲಿ ಹೋಳಿನ ದಪ್ಪ ಒಂದು, ಇನ್ನೊಂದರಲ್ಲಿ ಇನ್ನೊಂದು. ಜನ ರಿಪೋರ್ಟಿನ ಕಾಗದವನ್ನು ದೇವರ ಪಟದ ಹಿಂದೆ ಜೋಪಾನವಾಗಿಟ್ಟು ಸಿಡಿಯನ್ನು ಮಕ್ಕಳ ಆಟಕ್ಕೆ ಕೊಡುತ್ತಾರೆ. ನನಗೆ ಬೇಕಾದದ್ದು ಆ ಸಿಡಿ. ಹಳೆಯ ಗೆರೆಯನ್ನು ಯಾರು, ಯಾವ ಹೋಳಿನಲ್ಲಿ ಎಳೆದರು ಎಂದು ಕಾಣದೆ ಹೊಸ ಗೆರೆಗೆ ಬೆಲೆಯಿಲ್ಲ.

ಈ ಗೆರೆ ಎಳೆಯುವ ಕೆಲಸ ಈಗ ಬೆಂಗಳೂರಿನ ಅಂಚಿನಲ್ಲಿ ದೊಡ್ಡ ಕಸುಬು. ವೈಟ್‌ಫೀಲ್ಡ್‌ನ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ 2002ರಿಂದ ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಸ್ಕ್ಯಾನ್‌ಗಳನ್ನು ನಮ್ಮ ಹಗಲಿನಲ್ಲಿ ಓದುತ್ತಾ ಬಂದಿದೆ. ಔಷಧ ಪ್ರಯೋಗಗಳ ಸ್ಕ್ಯಾನ್ ಓದುವ ವಿಭಾಗವೂ ಅದಕ್ಕೆ ಸೇರಿಕೊಂಡಿತು. ಅದೇ ವೈಟ್‌ಫೀಲ್ಡ್‌ನಲ್ಲಿ 2000ದಲ್ಲಿ ಜಿಇ ಕಂಪನಿಯ ಸಂಶೋಧನಾ ಕೇಂದ್ರ ತೆರೆಯಿತು. ಇಲ್ಲಿನ ಕ್ಯೂಬಿಕಲ್‌ಗಳಲ್ಲಿ ಹುಡುಗರು ಗಡ್ಡೆಯ ಸುತ್ತ ಬಣ್ಣದ ಗೆರೆ ಎಳೆದು ಕಂಪ್ಯೂಟರಿಗೆ ಕಲಿಸುತ್ತಾರೆ. ಉದ್ದವೊಂದೇ ಅಲ್ಲ, ಗಾತ್ರ, ಮೇಲ್ಮೈ, ಗುಂಡಗಿನ ಪ್ರಮಾಣ. ಅದೇ ಗಾತ್ರದ ಮುದ್ದೆಯ ಮೇಲ್ಮೈಯನ್ನು ಗಡ್ಡೆಯ ಮೇಲ್ಮೈಯಿಂದ ಭಾಗಿಸಿದರೆ ಗುಂಡಗಿನ ಅಂಕ. ಮುದ್ದೆಗೆ 1, ಶುಂಠಿಗೆ ಅದಕ್ಕಿಂತ ಬಹಳ ಕಡಿಮೆ. ಕಿಮೊ ನಂತರ ಆ ಅಂಕ ಏರಿದರೆ ಏನರ್ಥ, ಇಳಿದರೆ ಏನರ್ಥ ಎಂದು ಜಗತ್ತು ಹುಡುಕುತ್ತಿದೆ. 2014ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಸ್ಕ್ಯಾನ್‌ನಿಂದ 440 ಲಕ್ಷಣ ಹೆಕ್ಕಿ, ಅವುಗಳಲ್ಲಿ ನಾಲ್ಕರಿಂದ ರೋಗಿಯ ಭವಿಷ್ಯ ಹೇಳಬಹುದು ಎಂಬ ಪ್ರಬಂಧ ಬಂದಾಗ ನಾವೆಲ್ಲ ಬೆರಗಾಗಿದ್ದೆವು. 2019ರಲ್ಲಿ ಇನ್ನೊಂದು ಗುಂಪು ಕೆದಕಿ ನೋಡಿ, ಆ ನಾಲ್ಕರಲ್ಲಿ ಮೂರು ಬಹುಮಟ್ಟಿಗೆ ಗಡ್ಡೆಯ ಗಾತ್ರದ ನೆರಳೇ ಎಂದು ತೋರಿಸಿತು. ದೊಡ್ಡ ಗಡ್ಡೆ ಕೆಟ್ಟದ್ದು ಎಂದು ತಿಳಿಯಲು 440 ಲಕ್ಷಣ ಬೇಕಿರಲಿಲ್ಲ. ನನಗೆ ಈ ವಿದ್ಯೆಯ ಮೇಲೆ ನಂಬಿಕೆ ಇದೆ, ಅವಸರದ ಮೇಲೆ ಇಲ್ಲ. ಗೆರೆ ಎಳೆಯುವ ಹುಡುಗರನ್ನು ಆಸ್ಪತ್ರೆಗಳಿಗೆ ಕರೆದುಕೊಂಡು ಬಂದು, ಕೆನ್ನೆ ಊದಿ ಮಲಗಿದವರನ್ನು ಒಮ್ಮೆ ತೋರಿಸಬೇಕು ಅನಿಸುತ್ತದೆ.

ಟರ್ನರ್ ವಿಷಯ ಬಾಕಿ ಉಳಿಯಿತು. ಆರು ಡೋಸ್ ಮುಗಿಯುವ ಹೊತ್ತಿಗೆ ಅವರ ನೋಟ್‌ಬುಕ್ಕಿನ ಅಂಕಿ 18.24ಕ್ಕೆ ಬಂದು ನಿಂತಿತು. ಒಂದು ವಾರ, ಎರಡು ವಾರ, ತಿಂಗಳು. 18.24, 18.20, 18.26. ಗಾಬರಿಯಾಗಿ ಬಂದರು. ಪೆಟ್ ಸ್ಕ್ಯಾನ್ ಮಾಡಿದೆವು. ಅದು ಆಕಾರ ನೋಡುವುದಲ್ಲ, ಸಕ್ಕರೆ ಯಾವುದು ತಿನ್ನುತ್ತಿದೆ ಎಂದು ನೋಡುವುದು. ಉಳಿದ ಗಂಟು ತಣ್ಣಗಿತ್ತು, ಅಂದರೆ ಸಕ್ಕರೆ ತಿನ್ನುತ್ತಿರಲಿಲ್ಲ. ಲಿಂಫೋಮಾಕ್ಕೆ 2014ರಿಂದ ಇರುವ ನಿಯಮದಲ್ಲಿ ಗಂಟು ಉಳಿದಿದ್ದರೂ ತಣ್ಣಗಿದ್ದರೆ ಪೂರ್ಣ ಫಲ ಎಂದೇ ಲೆಕ್ಕ. ‘ಅದು ಕಲೆ, ರೋಗ ಅಲ್ಲ’ ಎಂದು ಹೇಳಿದೆ.

‘ಜಾಬ್ ಇನ್ನೂ ಅಲ್ಲೇ ಇದೆಯಲ್ಲ ಸಾರ್’ ಅಂದರು.

ಈಗಲೂ ತಪಾಸಣೆಗೆ ಬರುತ್ತಾರೆ. ಕಳೆದ ಬಾರಿ ನೋಟ್‌ಬುಕ್ ಕೇಳಿ ಇಸಿದುಕೊಂಡೆ. ಅಳತೆಯ ಕಾಲಂ ಪಕ್ಕ ಸ್ಕೇಲ್ ಇಟ್ಟು ಇನ್ನೊಂದು ಕಾಲಂ ಎಳೆದಿದ್ದಾರೆ, ತಲೆಯಲ್ಲಿ ‘ಬಿಸಿ / ತಣ್ಣಗೆ’ ಎಂದಿದೆ. ಪೆಟ್ ಸ್ಕ್ಯಾನ್ ಆದ ದಿನದ ಎದುರು ‘ತಣ್ಣಗೆ’ ಎಂದು ಬರೆದು, ಉಳಿದ ಸಾಲುಗಳಿಗೆಲ್ಲ ಸಣ್ಣ ಅಡ್ಡಗೆರೆ ಹಾಕಿದ್ದಾರೆ. ಏಕೆ ಖಾಲಿ ಬಿಟ್ಟಿದ್ದೀರಿ ಎಂದು ಕೇಳಿದೆ.

‘ಅದನ್ನ ಅಳೆಯೋ ಟೂಲ್ ಮನೇಲಿಲ್ಲ ಸಾರ್’ ಅಂದರು.